ಕೂಸಿನ ಹಣೆಯ ಊತಕ್ಕಿಂತ ಅಜ್ಜಿಯ ಮಂಕೇ ನನಗೆ ಚಿಂತೆ

ಓದುಗರ ಪ್ರಶ್ನೆ: "ಡಾಕ್ಟರೇ, ನಾವು ಧಾರವಾಡದ ಕಡೆಯವರು. ಒಂಬತ್ತು ವರ್ಷದಿಂದ ಪುಣೆಯ ಚಿಂಚವಾಡದಲ್ಲಿದ್ದೇವೆ. ಮಗನಿಗೆ 14 ತಿಂಗಳು. ಹೋದ ಭಾನುವಾರ ದಿವಾನದ ಮೇಲಿಂದ ಉರುಳಿ ಟೈಲ್ಸ್ ಮೇಲೆ ಬಿದ್ದ. ಬಿದ್ದ ಕೂಡಲೇ ಅತ್ತ. ಹಣೆ ನಿಂಬೆಹಣ್ಣಿನಷ್ಟು ಊದಿತು. ಒಂದು ಸಲ ಹಾಲು ಕಕ್ಕಿದ. 'ಮಲಗಿಸಬ್ಯಾಡ, ಮಲಗಿದ್ರ ಏಳೂದಿಲ್ಲ' ಅಂತ ಅತ್ತೆ ಗಾಬರಿಯಾದರು. ರಾತ್ರಿ ಎರಡು ಗಂಟೆವರೆಗೆ ಎಚ್ಚರ ಇಟ್ಟೆವು. ಅವನೂ ಅತ್ತ, ನಾನೂ ಅತ್ತೆ. ಒಬ್ಬ ಡಾಕ್ಟರು ಸಿಟಿ ಸ್ಕ್ಯಾನ್ ಮಾಡಿಸಿ ಅಂದರು, ಇನ್ನೊಬ್ಬರು ಬೇಡ ಅಂದರು. ನಾವು ಮಾಡಿಸಲಿಲ್ಲ. ಈಗ ಆರಾಮಾಗಿ ಆಡುತ್ತಿದ್ದಾನೆ, ನನಗೇ ನಿದ್ದೆ ಇಲ್ಲ. ತಪ್ಪು ಮಾಡಿದೆವಾ? ಮುಂದೆ ಅವನ ಬುದ್ಧಿಗೆ ಏನಾದರೂ ಆಗುತ್ತಾ? ಮಕ್ಕಳ ತಲೆಗೆ ಹಾಕುವ ಸ್ಪಂಜಿನ ಟೋಪಿ ಆನ್‌ಲೈನಿನಲ್ಲಿ ಸಿಗುತ್ತದೆ, ತರಿಸಲಾ? ವಾಕರ್ ಕೊಡಿಸಿದರೆ ಬೀಳುವುದು ಕಡಿಮೆ ಆಗುತ್ತಾ? ಈಗ ಮನೆಯಲ್ಲಿ ಎಲ್ಲಿ ನೋಡಿದರೂ ಅಪಾಯವೇ ಕಾಣುತ್ತಿದೆ. ತಿಂಗಳ ಹಿಂದೆ ಅತ್ತೆ ಕೂಡ ಬಚ್ಚಲಲ್ಲಿ ಜಾರಿ ಗೋಡೆಗೆ ತಲೆ ಬಡಿಸಿಕೊಂಡಿದ್ದರು. ಅವರಿಗೇನೂ ಆಗಲಿಲ್ಲ. 72 ವಯಸ್ಸು. ಹಾರ್ಟಿಗೆ ಅಂತ ರಕ್ತ ತೆಳು ಮಾಡುವ ಗುಳಿಗೆ ತಗೋತಾರೆ. ಈಚೆಗೆ ಸ್ವಲ್ಪ ಮಂಕಾಗಿದ್ದಾರೆ, ವಯಸ್ಸಾಯ್ತಲ್ಲ. ನಮ್ಮ ಮನೆಯವರು ಮಗನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುತ್ತಾರೆ. ಎಷ್ಟು ಹೇಳಿದರೂ ಕೇಳುವುದಿಲ್ಲ."

ಉತ್ತರ:

ತಂಗೀ, ನಿಮ್ಮ ಪತ್ರದಲ್ಲಿ ಮುಕ್ಕಾಲು ಭಾಗ ಮಗನ ವಿಷಯ. ಅತ್ತೆಯವರ ಬಗ್ಗೆ ನಾಲ್ಕೈದು ಸಾಲು, ಅದೂ ಹೋಗ್ತಾ ಹೋಗ್ತಾ ಬರೆದದ್ದು. ಆ ಸಾಲು ಓದಿದ ಕೂಡಲೇ ನಿಮಗೆ ಬೇರೆಯಾಗಿ ಮೇಲ್ ಹಾಕಿದ್ದೇನೆ: ಅವರನ್ನು ಇವತ್ತೇ ಕರೆದುಕೊಂಡು ಹೋಗಿ, ತಲೆಯ ಸಿಟಿ ಸ್ಕ್ಯಾನ್ ಮಾಡಿಸಿ. ನಾಳೆ ಬೇಡ, ಸಂಕಷ್ಟಿ ಮುಗಿಯಲಿ ಅನ್ನುವುದೂ ಬೇಡ. ಇಲ್ಲೂ ಅದನ್ನೇ ಮೊದಲು ಬರೆಯುತ್ತೇನೆ. ಇದೇ ಪರಿಸ್ಥಿತಿ ಇನ್ನೆಷ್ಟು ಮನೆಗಳಲ್ಲಿದೆಯೋ.

ಪುಣೆಯಲ್ಲಿ 27 ವರ್ಷದಿಂದ ತಲೆಯ ಆಪರೇಷನ್ ಮಾಡುತ್ತಿದ್ದೇನೆ. ಮಗು ಮಂಚದಿಂದ ಬಿತ್ತು ಅಂತ ಎದೆಗೆ ಅವಚಿಕೊಂಡು ಓಡಿ ಬರುವವರು ಜಾಸ್ತಿ. ಅವರಲ್ಲಿ ಹೆಚ್ಚಿನವರನ್ನು ಧೈರ್ಯ ಹೇಳಿ ಮನೆಗೆ ಕಳಿಸುತ್ತೇನೆ. ಬಚ್ಚಲಲ್ಲಿ ಬಿದ್ದ ಅಜ್ಜ ಅಜ್ಜಿಯರನ್ನು ಹಾಗೆ ಯಾರೂ ಓಡಿಸಿಕೊಂಡು ಬರುವುದಿಲ್ಲ. ಅವರು ಮೂರು ವಾರ, ಐದು ವಾರ ತಡವಾಗಿ ಬರುತ್ತಾರೆ. ಅದೂ ಬೇರೆ ಯಾವುದೋ ದೂರಿಗೆ. ನೀವು ಕಾಯುತ್ತಿರುವ ಬಾಗಿಲು ಒಂದು, ಕಳ್ಳ ಬರುವ ಬಾಗಿಲು ಇನ್ನೊಂದು.

ಯಾಕೆ ಹೀಗೆ? ಕೊಬ್ಬರಿ ಗಿಟಕು ನೋಡಿದ್ದೀರಲ್ಲ. ಹಸಿ ತೆಂಗಿನಕಾಯಿಯಲ್ಲಿ ತಿರುಳು ಕರಟಕ್ಕೆ ಅಂಟಿಕೊಂಡಿರುತ್ತದೆ. ಒಣಗಿದ ಮೇಲೆ ತಿರುಳು ಕುಗ್ಗಿ ಕರಟದಿಂದ ಬಿಡುತ್ತದೆ, ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತದೆ. ವಯಸ್ಸಾದ ಮೆದುಳೂ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. ಬುರುಡೆಗೂ ಮೆದುಳಿಗೂ ನಡುವೆ ಜಾಗ ಜಾಸ್ತಿಯಾಗುತ್ತದೆ. ಆ ಜಾಗವನ್ನು ದಾಟಿ ಹೋಗುವ ಸಣ್ಣ ಸಣ್ಣ ರಕ್ತನಾಳಗಳು ಒಗೆದ ಬಟ್ಟೆ ಹಾಕುವ ಹಗ್ಗದ ಹಾಗೆ ಬಿಗಿದು ನಿಂತಿರುತ್ತವೆ. ತಲೆ ಗೋಡೆಗೆ ಬಡಿದಾಗ ಅದರಲ್ಲೊಂದು ಹರಿದರೆ ರಕ್ತ ಭರ್ರನೆ ಬರುವುದಿಲ್ಲ, ಜಿನುಗುತ್ತದೆ. ರಕ್ತ ತೆಳುವಾಗುವ ಗುಳಿಗೆ ಇದ್ದರೆ ಜಿನುಗುವುದು ನಿಲ್ಲುವುದೂ ನಿಧಾನ. ಒಳಗೆ ಜಾಗ ಇರುವುದರಿಂದ ಮೊದಲ ಕೆಲವು ವಾರ ಏನೂ ಗೊತ್ತಾಗುವುದಿಲ್ಲ. ಜಾಗ ತುಂಬಿದ ಮೇಲೆ ಮೆದುಳಿನ ಮೇಲೆ ಒತ್ತಡ ಶುರು. ಇದಕ್ಕೆ ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ ಅನ್ನುತ್ತೇವೆ. ಹೆಸರು ನೆನಪಿಡುವ ಅಗತ್ಯ ಇಲ್ಲ.

ನೆನಪಿಡಬೇಕಾದದ್ದು ಅದು ಹೇಗೆ ಕಾಣುತ್ತದೆ ಅನ್ನುವುದು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರನ್ನು ಅವರ ಮಗ ಕರೆತಂದಿದ್ದ. 'ಅಪ್ಪ ಎರಡು ವಾರದಿಂದ ಪೇಪರ್ ಓದುತ್ತಿಲ್ಲ, ಮರೆವು ಶುರುವಾಗಿದೆ ಅನಿಸುತ್ತೆ' ಅಂದ. ಅವರು ಒಳಗೆ ನಡೆದು ಬಂದದ್ದನ್ನು ನೋಡಿದೆ. ಬಲಗಾಲಲ್ಲಿ ಚಪ್ಪಲಿ ಇತ್ತು. ಎಡಗಾಲಿನದು ಬಾಗಿಲ ಹತ್ತಿರವೇ ಕಳಚಿ ಬಿದ್ದಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದರು. ಬಿದ್ದಿದ್ದರಾ ಅಂತ ಕೇಳಿದೆ. ಮಗ ಇಲ್ಲ ಅಂದ. ಸೊಸೆ ಮಾತ್ರ, 'ಗಣಪತಿ ಹಬ್ಬದ ಮುಂಚೆ ಬಚ್ಚಲಲ್ಲಿ ಒಂದ್ಸಲ ಜಾರಿದ್ರಲ್ಲ' ಅಂದಳು. ಸ್ಕ್ಯಾನಿನಲ್ಲಿ ಬಲಗಡೆ ಪೂರ್ತಿ ರಕ್ತ. ಅವತ್ತು ರಾತ್ರಿಯೇ ಬುರುಡೆಯಲ್ಲಿ ಎರಡು ತೂತು ಮಾಡಿ ಹೊರಗೆ ಬಿಟ್ಟೆವು. ಗ್ಯಾರೇಜಿನಲ್ಲಿ ತೆಗೆದ ಹಳೆ ಎಂಜಿನ್ ಆಯಿಲ್ ಹೇಗಿರುತ್ತದೋ ಹಾಗಿತ್ತು. ಮರುದಿನ ಬೆಳಿಗ್ಗೆ ಅವರು ನರ್ಸ್ ಹತ್ತಿರ ಪೇಪರ್ ಕೇಳಿದರು.

ಎಲ್ಲರದೂ ಹೀಗೆ ಸುಖಾಂತ ಆಗುತ್ತದೆ ಅಂತ ಅಲ್ಲ. ಅತ್ತೆಯವರ ಸ್ಕ್ಯಾನಿನಲ್ಲಿ ಏನೂ ಇಲ್ಲದೆಯೂ ಇರಬಹುದು. ಹಾಗಿದ್ದರೆ ಮಂಕಿಗೆ ಬೇರೆ ಕಾರಣ ಹುಡುಕಬೇಕು: ಸೋಡಿಯಂ, ಥೈರಾಯ್ಡ್, ಬಿ12, ಮೂತ್ರದ ಸೋಂಕು, ಖಿನ್ನತೆ. 'ವಯಸ್ಸಾಯ್ತು' ಅನ್ನುವುದು ಪಟ್ಟಿಯ ಕೊನೆಯಲ್ಲಿ ಬರಬೇಕು. ನಾವು ಅದನ್ನು ಮೊದಲೇ ಬರೆದುಬಿಡುತ್ತೇವೆ.

ರಕ್ತ ಇದ್ದರೆ ದಾರಿ ಎರಡು ಮೂರಿವೆ. ತೆಳುವಾಗಿದ್ದು ತೊಂದರೆ ಕಡಿಮೆ ಇದ್ದರೆ ಕಾಯುವುದು, ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡುವುದು. ಕೆಲವರಲ್ಲಿ ತಾನಾಗಿಯೇ ಕರಗುತ್ತದೆ. ಆದರೆ ಆ ದಿನಗಳಲ್ಲಿ ಮನೆಯವರು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು. ಒತ್ತಡ ಜಾಸ್ತಿ ಇದ್ದರೆ ತೂತು ಮಾಡಿ ತೆಗೆಯುವುದು. ದೊಡ್ಡ ಆಪರೇಷನ್ ಅಲ್ಲ. ಪೂರ್ತಿ ಅರಿವಳಿಕೆ ತಡೆದುಕೊಳ್ಳಲಾರದವರಿಗೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡಬಹುದು. ಅದರಲ್ಲೂ ಅಪಾಯ ಇದೆ: ಸೋಂಕು, ಫಿಟ್ಸ್, ಮತ್ತೆ ರಕ್ತ ತುಂಬುವುದು. ನೂರರಲ್ಲಿ 10ರಿಂದ 20 ಜನರಿಗೆ ಮತ್ತೆ ತುಂಬುತ್ತದೆ, ಇದನ್ನು ಮೊದಲೇ ಕೇಳಿ ತಿಳಿದುಕೊಂಡಿರಿ. ಹಳೆ ರಕ್ತದ ಸುತ್ತ ಬೆಳೆದು ಜಿನುಗುವ ಪೊರೆಗೆ ರಕ್ತ ಕೊಡುವ ನಾಳವನ್ನೇ ಒಳಗಿನಿಂದ ಮುಚ್ಚುವ ಹೊಸ ವಿಧಾನವೂ ದೊಡ್ಡ ಆಸ್ಪತ್ರೆಗಳಲ್ಲಿ ಬಂದಿದೆ, ಖರ್ಚು ಜಾಸ್ತಿ.

ಇನ್ನೊಂದು ಮಾತು. ಇದನ್ನು ಓದಿ ಆ ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ. ಹೃದಯದ ಬಡಿತ ಏರುಪೇರು ಇರುವವರು ದಿಢೀರನೆ ನಿಲ್ಲಿಸಿದರೆ ಲಕ್ವ ಹೊಡೆಯಬಹುದು. ಸ್ಕ್ಯಾನ್‌ಗೆ ಹೋಗುವಾಗ ಗುಳಿಗೆಯ ಪಟ್ಟಿ ಅಲ್ಲ, ಗುಳಿಗೆಯ ಖಾಲಿ ಕವರುಗಳನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ. 'ಬಿಳಿ ಬಣ್ಣದ್ದು, ಸಣ್ಣದು' ಅಂತ ಹೇಳಿದರೆ ನಮಗೆ ಏನೂ ಗೊತ್ತಾಗುವುದಿಲ್ಲ.

ಈಗ ಮಗನ ವಿಷಯಕ್ಕೆ ಬರೋಣ.

ತಪ್ಪು ಮಾಡಿಲ್ಲ. ಸ್ಕ್ಯಾನ್ ಮಾಡಿಸದೆ ಇದ್ದದ್ದು ಸರಿ. ಮಾಡಿಸಿ ಅಂದ ಡಾಕ್ಟರನ್ನೂ ಬೈಯಲಾರೆ. ಭಾನುವಾರ ಸಂಜೆ, ಅಳುವ ತಾಯಿ, ಊದಿದ ಹಣೆ. ಸ್ಕ್ಯಾನ್ ಬರೆದುಕೊಟ್ಟರೆ ಯಾರೂ ಮುಂದೆ ಪ್ರಶ್ನೆ ಕೇಳುವುದಿಲ್ಲ. ಆದರೆ ಯಾರಿಗೆ ಬೇಕು ಅನ್ನುವುದಕ್ಕೆ ಒಳ್ಳೆಯ ಅಳತೆಗೋಲು ಇದೆ. 2009ರಲ್ಲಿ ಅಮೆರಿಕದ ಮಕ್ಕಳ ತುರ್ತು ವಿಭಾಗಗಳ ಡಾಕ್ಟರುಗಳು ಸೇರಿ, ತಲೆಗೆ ಪೆಟ್ಟಾದ 42,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ ಒಂದು ನಿಯಮ ಮಾಡಿದರು. ಪೆಕಾರ್ನ್ ನಿಯಮ ಅಂತ ಹೆಸರು. ಎರಡು ವರ್ಷದೊಳಗಿನ ಮಗುವಿಗೆ ಆರು ಪ್ರಶ್ನೆ. ಮಗು ಸರಿಯಾಗಿ ಎಚ್ಚರ ಇದೆಯಾ? ಬುರುಡೆ ಒಡೆದದ್ದು ಕೈಗೆ ಸಿಗುತ್ತಾ? ಹಣೆ ಬಿಟ್ಟು ಬೇರೆ ಕಡೆ, ಅಂದರೆ ಕಿವಿಯ ಮೇಲೆ ಅಥವಾ ಹಿಂದಲೆಯಲ್ಲಿ ಊತ ಇದೆಯಾ? ಐದು ಸೆಕೆಂಡಾದರೂ ಪ್ರಜ್ಞೆ ತಪ್ಪಿತ್ತಾ? ಮೂರು ಅಡಿಗಿಂತ ಎತ್ತರದಿಂದ ಬಿತ್ತಾ, ಅಥವಾ ಗಾಡಿ ಅಪಘಾತದಂಥ ಜೋರು ಪೆಟ್ಟಾ? ಕೊನೆಯದು ನನಗೆ ತುಂಬಾ ಇಷ್ಟ: ತಾಯಿಯ ಕಣ್ಣಿಗೆ ಮಗು ಎಂದಿನ ಹಾಗಿಲ್ಲ ಅನಿಸುತ್ತಿದೆಯಾ? ಆರಕ್ಕೂ 'ಎಲ್ಲಾ ಸರಿ ಇದೆ' ಅಂತ ಉತ್ತರ ಬಂದರೆ ಒಳಗೆ ದೊಡ್ಡ ಪೆಟ್ಟಿರುವ ಸಾಧ್ಯತೆ ಹತ್ತು ಸಾವಿರದಲ್ಲಿ ಎರಡಕ್ಕಿಂತ ಕಡಿಮೆ. ನಿಮ್ಮ ದಿವಾನ ಒಂದೂವರೆ ಅಡಿ ಇರಬಹುದು. ಊತ ಹಣೆಯ ಮೇಲೆ. ಕೂಡಲೇ ಅತ್ತಿದ್ದಾನೆ. ಒಂದು ಸಲ ಕಕ್ಕಿದ್ದಕ್ಕೆ ನೀವು ಹೆದರಿದ್ದೀರಿ, ಆದರೆ ಈ ವಯಸ್ಸಿನ ಪಟ್ಟಿಯಲ್ಲಿ ವಾಂತಿ ಇಲ್ಲವೇ ಇಲ್ಲ. ಅತ್ತು ಅತ್ತು ಒಂದೆರಡು ಸಲ ಹಾಲು ಕಕ್ಕುವುದು ಕೂಸುಗಳಿಗೆ ಮಾಮೂಲು. ಮೇಲಿಂದ ಮೇಲೆ ಕಕ್ಕಿದರೆ ಅದು ಬೇರೆ.

ಸ್ಕ್ಯಾನಿನಿಂದ ಏನು ನಷ್ಟ ಅಂತ ಕೇಳಬಹುದು. ತಲೆಯ ಒಂದು ಸಿಟಿ ಸ್ಕ್ಯಾನ್ ಅಂದರೆ ಸುಮಾರು ನೂರು ಎದೆ ಎಕ್ಸ್‌ರೇಗಳಷ್ಟು ವಿಕಿರಣ. ದೊಡ್ಡವರಿಗೆ ಅದು ಲೆಕ್ಕಕ್ಕಿಲ್ಲ. ಬೆಳೆಯುವ ಮಗುವಿಗೆ ಅಪಾಯ ಸಣ್ಣದೇ, ಆದರೆ ಸೊನ್ನೆ ಅಲ್ಲ. ಅಲುಗಾಡದೆ ಮಲಗಲಿ ಅಂತ ಮದ್ದು ಕೊಟ್ಟು ಮಲಗಿಸಬೇಕಾಗಬಹುದು, ಅದು ಇನ್ನೊಂದು ತಲೆನೋವು. ಬೇಕಾದಾಗ ಒಂದು ಕ್ಷಣ ಕೂಡ ಯೋಚಿಸದೆ ಮಾಡಿಸಬೇಕು. ಅನುಮಾನ ಇದ್ದಾಗ ನಡುವಿನ ದಾರಿ ಇದೆ: ಪೆಟ್ಟಾದ ಮೇಲೆ ನಾಲ್ಕರಿಂದ ಆರು ಗಂಟೆ ಆಸ್ಪತ್ರೆಯಲ್ಲೇ ಕೂರಿಸಿಕೊಂಡು ನೋಡುವುದು. ಮೂರು ತಿಂಗಳಿಗಿಂತ ಚಿಕ್ಕ ಕೂಸಿಗೆ ಮಾತ್ರ ನಾನು ಮನೆಯಲ್ಲಿ ನೋಡೋಣ ಅನ್ನುವುದಿಲ್ಲ. ಸಣ್ಣ ಪೆಟ್ಟಾದರೂ ತೋರಿಸಿ.

ಬುದ್ಧಿಗೆ ಏನೂ ಆಗುವುದಿಲ್ಲ. ಪ್ರಜ್ಞೆ ತಪ್ಪದೆ ಹಣೆ ಊದಿದ ಒಂದು ಪೆಟ್ಟಿಗೆ ಬುದ್ಧಿ ಹೋಗುವುದಾದರೆ ನಮ್ಮ ಊರಲ್ಲಿ ಯಾರಿಗೂ ಮಗ್ಗಿ ಬರುತ್ತಿರಲಿಲ್ಲ.

'ಮಲಗಿದರೆ ಏಳೂದಿಲ್ಲ' ಅಂದ ಅತ್ತೆಯವರ ಮಾತನ್ನು ಮೂಢನಂಬಿಕೆ ಅಂತ ತಳ್ಳಬೇಡಿ. ಅದರ ಹಿಂದೆ ಒಂದು ನಿಜ ಇದೆ. ಕಣತಲೆಯ ಮೂಳೆ ತೆಳು. ಅದರ ಒಳಮೈಗೆ ಅಂಟಿಕೊಂಡು ಒಂದು ರಕ್ತನಾಳ ಹೋಗುತ್ತದೆ. ಮೂಳೆ ಸೀಳಿ ಅದು ಹರಿದರೆ ಮನುಷ್ಯ ಮೊದಲು ಎದ್ದು ಕೂತು ಮಾತಾಡುತ್ತಾನೆ, ಚಹಾ ಕುಡಿಯುತ್ತಾನೆ, ಆಮೇಲೆ ತಲೆ ನೋವು ಅಂತ ಮಲಗುತ್ತಾನೆ. ಒಳಗೆ ರಕ್ತ ತುಂಬುತ್ತಾ ಹೋಗಿ ಮತ್ತೆ ಏಳುವುದಿಲ್ಲ. ನಿದ್ದೆ ಅವನನ್ನು ಕೊಂದದ್ದಲ್ಲ, ನಿದ್ದೆಯಂತೆ ಕಂಡದ್ದು ನಿದ್ದೆ ಆಗಿರಲಿಲ್ಲ. ಮನುಷ್ಯನ ತಲೆಯನ್ನು ಮೊದಲ ಸಲ ಸಿಟಿ ಸ್ಕ್ಯಾನಿನಲ್ಲಿ ನೋಡಿದ್ದು 1971ರಲ್ಲಿ, ಲಂಡನ್ನಿನಲ್ಲಿ. ಅದಕ್ಕೂ ಮುಂಚೆ ತಲೆಯೊಳಗೆ ಏನಾಗುತ್ತಿದೆ ಅಂತ ತಿಳಿಯಲು ಮಾತಾಡಿಸುತ್ತಾ ಇರುವುದೇ ಮುಖ್ಯ ದಾರಿ. ಹಾಗಾಗಿ ಆ ಮಾತು ಬಂತು. ಈಗ ಮಾಡಬೇಕಾದದ್ದು ಇಷ್ಟು: ಮಗು ಸಮಾಧಾನ ಆಗಿ, ಹಾಲು ಕುಡಿದು, ಎಂದಿನಂತೆ ಆಡಿದರೆ ಅದರ ನಿದ್ದೆಯ ಹೊತ್ತಿಗೆ ಮಲಗಿಸಿ. ರಾತ್ರಿ ಒಂದೆರಡು ಸಲ ಮೈ ಮುಟ್ಟಿ ಎಬ್ಬಿಸಿ ನೋಡಿ. ಕೊಸರಾಡಿ, ಮುಖ ಕಿವುಚಿ, ಮೊಲೆಗೆ ಬಾಯಿ ಹಾಕಿದರೆ ಸಾಕು. ಏಳಲಿಲ್ಲ ಅಂತ ಹೆಗಲು ಹಿಡಿದು ಅಲುಗಾಡಿಸಬೇಡಿ. ಕೂಸನ್ನು ಜೋರಾಗಿ ಅಲುಗಾಡಿಸುವುದೇ ಮೆದುಳಿಗೆ ಪೆಟ್ಟು. ಎರಡು ಸಲ ಎಬ್ಬಿಸಿದರೂ ಎಚ್ಚರ ಆಗದಿದ್ದರೆ ನೇರ ಆಸ್ಪತ್ರೆಗೆ.

'ಊತ ಹೊರಗೆ ಬಂದರೆ ಒಳ್ಳೆಯದು, ಒಳಗೆ ಹೋದರೆ ಕೆಟ್ಟದು' ಅನ್ನುವ ಮಾತೂ ಇದೆ. ಹೊರಗಿನ ಊತ ಚರ್ಮದ ಕೆಳಗಿನ ರಕ್ತ. ಅದು ಒಳಗಿನ ಸುದ್ದಿ ಹೇಳುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕಿ 'ಕೂರಿಸುವುದು' ಬೇಡ. ಬಟ್ಟೆಯಲ್ಲಿ ಐಸ್ ಸುತ್ತಿ ಆಗಾಗ ಇಟ್ಟರೆ ಸಾಕು. ತಲೆ ಒಡೆದು ರಕ್ತ ಬಂದರೆ ಅರಿಶಿನ, ಕಾಫಿಪುಡಿ ತುಂಬಬೇಡಿ. ತಲೆಯ ಚರ್ಮದಲ್ಲಿ ರಕ್ತನಾಳ ಜಾಸ್ತಿ, ಸಣ್ಣ ಗಾಯಕ್ಕೂ ಅಂಗಿ ತೋಯುತ್ತದೆ. ಒಗೆದ ಬಟ್ಟೆ ಮಡಚಿ ಹತ್ತು ನಿಮಿಷ ಗಡಿಯಾರ ನೋಡಿಕೊಂಡು ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು 'ನಿಂತಿತಾ' ಅಂತ ನೋಡುವವರೇ ಎಲ್ಲರೂ, ಅದಕ್ಕೇ ನಿಲ್ಲುವುದಿಲ್ಲ. ಮೂಳೆ ತಗ್ಗಾಗಿದೆ ಅನಿಸಿದರೆ ಮಾತ್ರ ಒತ್ತಬೇಡಿ, ಮೇಲೆ ಬಟ್ಟೆ ಇಟ್ಟುಕೊಂಡು ಹೊರಡಿ.

ಯಾವಾಗ ಓಡಬೇಕು? ಮತ್ತೆ ಮತ್ತೆ ವಾಂತಿ, ಫಿಟ್ಸ್, ಎಬ್ಬಿಸಿದರೂ ತೂಗಿ ಬೀಳುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ಹೊತ್ತು ಹೋದಂತೆ ಜಾಸ್ತಿಯಾಗುವ ತಲೆನೋವು, ಮೂಗಿನಿಂದ ಅಥವಾ ಕಿವಿಯಿಂದ ನೀರಿನಂಥದ್ದು ಅಥವಾ ರಕ್ತ ಇಳಿಯುವುದು, ಎರಡು ಕಣ್ಣಿನ ಪಾಪೆ ಒಂದೇ ಸಮ ಇಲ್ಲದಿರುವುದು. ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು ಸುಮ್ನೆ ಹೊತ್ತು ಕಳೆಯುವ ಕೆಲಸ. ಮಗ್ಗುಲಿಗೆ ಮಲಗಿಸಿ, ಅಷ್ಟೇ. ರಕ್ತ ತೆಳುವಾಗುವ ಗುಳಿಗೆ ತಗೊಳ್ಳುವವರು ತಲೆಗೆ ಪೆಟ್ಟು ಮಾಡಿಕೊಂಡರೆ ಲಕ್ಷಣಕ್ಕಾಗಿ ಕಾಯುವುದೇ ಬೇಡ. ಅವತ್ತೇ ಸ್ಕ್ಯಾನ್.

ಸ್ಪಂಜಿನ ಟೋಪಿಗೆ ದುಡ್ಡು ಹಾಕಬೇಡಿ. ಅದು ಹಣೆಯ ಊತ ಸ್ವಲ್ಪ ತಪ್ಪಿಸಬಹುದು. ನಾನು ಹೆದರುವ ಪೆಟ್ಟು ತಡೆಯುವಷ್ಟು ಶಕ್ತಿ ಅದಕ್ಕಿಲ್ಲ. ಪುಣೆಯ ಏಪ್ರಿಲ್ ಬಿಸಿಲಲ್ಲಿ ಮಗು ಬೆವರುತ್ತದೆ, ಟೋಪಿ ಇದೆಯಲ್ಲ ಅಂತ ನಿಮ್ಮ ಕಣ್ಣು ಬೇರೆ ಕಡೆ ಹೋಗುತ್ತದೆ.

ವಾಕರ್ ಅಂತೂ ಬೇಡವೇ ಬೇಡ. ಅದು ನಡಿಗೆ ಕಲಿಸುವುದಿಲ್ಲ, ತಡ ಮಾಡುತ್ತದೆ. ಅದರಲ್ಲಿ ಕೂತ ಮಗು ಒಂದು ಸೆಕೆಂಡಿನಲ್ಲಿ ಮೂರು ಅಡಿ ಉರುಳಿ ಹೋಗುತ್ತದೆ. ಹೊಸ್ತಿಲು, ಮೆಟ್ಟಿಲು, ಬಾಲ್ಕನಿಯ ತಗ್ಗು ಯಾವುದೂ ಅದಕ್ಕೆ ತಿಳಿಯುವುದಿಲ್ಲ. ಕೆನಡಾ ದೇಶ 2004ರಲ್ಲಿ ವಾಕರ್ ಮಾರುವುದನ್ನೇ ನಿಷೇಧಿಸಿತು. ನಮ್ಮಲ್ಲಿ ಜಾವಳದ ಉಡುಗೊರೆಯಾಗಿ ಇನ್ನೂ ಬರುತ್ತದೆ. ಬಂದರೆ ಅಟ್ಟಕ್ಕೆ ಹಾಕಿ, ಯಾರು ಕೊಟ್ಟರು ಅಂತ ನೆನಪಿಟ್ಟುಕೊಂಡು ಅವರು ಬಂದಾಗ ಇಳಿಸಿ.

ಮಕ್ಕಳು ಬೀಳುತ್ತಾರೆ, ಅದೂ ತಲೆ ಕೆಳಗಾಗಿ. ಹುಟ್ಟಿದ ಕೂಸಿಗೆ ತಲೆಯೇ ಮೈಯ ಉದ್ದದ ಕಾಲು ಭಾಗ. ದೊಡ್ಡವರಿಗೆ ಎಂಟನೇ ಒಂದು. ತಲೆ ಭಾರ ಆದ್ದರಿಂದ ಮೊದಲು ಅದೇ ನೆಲ ಮುಟ್ಟುತ್ತದೆ. ಬೀಳದಂತೆ ಮಾಡುವುದು ಆಗದ ಮಾತು. ಎತ್ತರದಿಂದ ಬೀಳದಂತೆ ಮಾಡಬಹುದು. ಅವನು ಇನ್ನು ಆರು ತಿಂಗಳಲ್ಲಿ ಹತ್ತಲು ಕಲಿಯುತ್ತಾನೆ, ಆಗ ನಿಮ್ಮ ಶತ್ರು ದಿವಾನ ಅಲ್ಲ, ಕಿಟಕಿ. ಕಿಟಕಿಯ ಕೆಳಗೆ ದಿವಾನ, ಟೀಪಾಯಿ, ಬಟ್ಟೆಯ ಬುಟ್ಟಿ ಯಾವುದೂ ಇರಬಾರದು. ಗ್ರಿಲ್ ಸರಳುಗಳ ನಡುವೆ ನಾಲ್ಕು ಇಂಚಿಗಿಂತ ಜಾಸ್ತಿ ಬೇಡ. ಸೊಳ್ಳೆ ಪರದೆಯ ಜಾಳಿಗೆ ಸೊಳ್ಳೆಗೆ ಮಾತ್ರ ಅಡ್ಡ, ಮಗುವಿನ ಭಾರಕ್ಕೆ ಬಿಚ್ಚಿಕೊಳ್ಳುತ್ತದೆ. ಟಿವಿಯನ್ನು ಗೋಡೆಗೆ ಬಿಗಿಯಿರಿ.

ಫ್ಯಾನಿನ ಬಗ್ಗೆ ಎರಡು ಮಾತು, ಯಾಕೆಂದರೆ ಇದನ್ನು ಯಾರೂ ಯೋಚಿಸುವುದಿಲ್ಲ. ಕೆಲಸದಿಂದ ಬಂದ ಅಪ್ಪ ಮಗುವನ್ನು ಮೇಲೆ ಹಾರಿಸಿ ಹಿಡಿಯುತ್ತಾನೆ. ಈಗಿನ ಫ್ಲಾಟುಗಳ ಸೀಲಿಂಗ್ ಎತ್ತರ ಒಂಬತ್ತು ಒಂಬತ್ತೂವರೆ ಅಡಿ, ಫ್ಯಾನಿನ ರೆಕ್ಕೆ ಎಂಟು ಅಡಿಗೆ ತಿರುಗುತ್ತಿರುತ್ತದೆ. ಅಪ್ಪನ ಕೈ ಎತ್ತಿದರೆ ಏಳು ಅಡಿ. ಲೆಕ್ಕ ಹಾಕಿ. ರೆಕ್ಕೆ ಬಡಿದು ಬುರುಡೆ ಒಳಗೆ ತಗ್ಗಾದ ಮಕ್ಕಳಿಗೆ ನಾನೇ ಆಪರೇಷನ್ ಮಾಡಿದ್ದೇನೆ. ಆಮೇಲೆ ಆ ಅಪ್ಪಂದಿರ ಮುಖ ನೋಡುವುದು ಆಪರೇಷನ್ನಿಗಿಂತ ಕಷ್ಟ. ಮಂಚದ ಮೇಲೆ ನಿಂತು ಕುಣಿಯುವ ಮಕ್ಕಳು, ಎರಡು ಅಂತಸ್ತಿನ ಮಂಚದ ಮೇಲಿನ ಹಾಸಿಗೆಯೂ ಇದೇ ಲೆಕ್ಕ. ಆರು ವರ್ಷದ ಕೆಳಗಿನವರನ್ನು ಮೇಲೆ ಮಲಗಿಸಬೇಡಿ.

ಬಚ್ಚಲಿಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಪುಣೆಯ ಹಳೆ ವಾಡೆಗಳಲ್ಲಿ, ಚಾಳುಗಳಲ್ಲಿ ಶಹಾಬಾದ್ ಫರಸಿ ಹಾಕಿರುತ್ತಿದ್ದರು. ನಮ್ಮ ಕಲಬುರಗಿ ಕಡೆಯ ಕಲ್ಲು. ನೋಡಲು ಚಂದ ಇಲ್ಲ, ಆದರೆ ಒದ್ದೆಯಾದರೂ ಕಾಲಿಗೆ ಹಿಡಿತ ಸಿಗುತ್ತದೆ. ಹೊಸ ಫ್ಲಾಟುಗಳಲ್ಲಿ ಕನ್ನಡಿ ಹಾಗೆ ಮಿಂಚುವ ಟೈಲ್ಸ್. ಅದರ ಮೇಲೆ ಸಾಬೂನು ನೀರು, ದೀಪಾವಳಿಯಲ್ಲಿ ಎಣ್ಣೆ ಬೇರೆ. ಬಕೆಟ್ಟು ದಾಟಿ ಒಂದು ಕಾಲು ಇಟ್ಟರೆ ಮುಗಿಯಿತು.

ಆದರೆ ನೆಲ ಮಾತ್ರ ಕಾರಣ ಅಲ್ಲ. ಹಿರಿಯರು ಎಷ್ಟೋ ಸಲ ಬೀಳುವುದು ರಾತ್ರಿ, ಮೂತ್ರಕ್ಕೆ ಎದ್ದಾಗ. ಮಲಗಿದವರು ಗಬಕ್ಕನೆ ಎದ್ದು ನಿಂತರೆ ಬಿಪಿ ಇಳಿಯುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಬಿಪಿ ಗುಳಿಗೆ, ನಿದ್ದೆ ಗುಳಿಗೆ ಇದ್ದರೆ ಇನ್ನೂ ಜಾಸ್ತಿ. ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆಯಾಗಿ ಪಾದ ಜೋಮು ಹಿಡಿದಂತಿರುತ್ತದೆ, ನೆಲ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಕಣ್ಣಿಗೆ ಪೊರೆ ಇದ್ದರಂತೂ ಕೇಳುವುದೇ ಬೇಡ. ಹಾಗಾಗಿ ಅತ್ತೆಯವರು ಯಾಕೆ ಜಾರಿದರು ಅನ್ನುವುದನ್ನು ಅವರ ಡಾಕ್ಟರ ಹತ್ತಿರ ಕೇಳಿ: ನಿಂತಾಗ ಬಿಪಿ ಎಷ್ಟು, ಕೂತಾಗ ಎಷ್ಟು, ಯಾವ ಗುಳಿಗೆ ಬದಲಿಸಬಹುದು.

ಎದ್ದ ಮೇಲೆ ಮಂಚದ ಅಂಚಿಗೆ ಒಂದು ನಿಮಿಷ ಕೂತು, ಪಾದ ಆಡಿಸಿ, ಆಮೇಲೆ ನಿಲ್ಲುವ ರೂಢಿ ಮಾಡಿಸಿ. ಮಂಚದಿಂದ ಬಚ್ಚಲಿನವರೆಗೆ ಸಣ್ಣ ರಾತ್ರಿ ದೀಪ. ದಾರಿಯಲ್ಲಿ ಜಮಖಾನೆ, ಕಾಲೊರೆಸುವ ಬಟ್ಟೆ ಬೇಡ. ಕಮೋಡಿನ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು ಹಿಡಿಕೆ ಹಾಕಿಸಿ, ಗೋಡೆಗೆ ಡ್ರಿಲ್ ಮಾಡಿ ಸ್ಕ್ರೂ ಬಿಗಿದದ್ದು. ಟವೆಲ್ ಹಾಕುವ ರಾಡನ್ನೇ ಹಿಡಿದುಕೊಳ್ಳುತ್ತಾರೆ ಅಂತ ನೀವು ಅಂದುಕೊಂಡಿದ್ದರೆ, ಅದು ಭಾರಕ್ಕೆ ಕಿತ್ತು ಬರುತ್ತದೆ, ಜೊತೆಗೆ ಅವರನ್ನೂ ಕೆಡವುತ್ತದೆ. ಗಾಳಿ ಒತ್ತಿ ಅಂಟಿಸುವ ಹಿಡಿಕೆಯೂ ಬೇಡ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸ್ನಾನ ಮಾಡಲಿ, ಅದರ ನಾಲ್ಕು ಕಾಲಿಗೆ ರಬ್ಬರ್ ಬುಡ ಇರಲಿ. 'ನಾನೇನು ಮುದುಕಿಯಾ' ಅಂತ ಅತ್ತೆ ಮುನಿಸಿಕೊಳ್ಳುತ್ತಾರೆ. ಹಿಡಿಕೆ ಮೊಮ್ಮಗನಿಗೆ ಅಂತ ಹೇಳಿ. ನನ್ನ ತಾಯಿಗೆ ಹೀಗೇ ಸುಳ್ಳು ಹೇಳಿ ಹಾಕಿಸಿದೆ. ಆಮೇಲೆ ಅವಳು ದಿನಾ ಹಿಡಿದುಕೊಂಡಳು. ಒಳಗಿನ ಚಿಲಕ ತೆಗೆಸಿ, ಹೊರಗಿನಿಂದಲೂ ತೆಗೆಯಬಹುದಾದ ಲಾಕ್ ಹಾಕಿಸಿ. ಬಾಗಿಲು ಒಡೆಯುವುದರಲ್ಲೇ ಅರ್ಧ ಗಂಟೆ ಕಳೆದ ಕೇಸುಗಳನ್ನು ನೋಡಿದ್ದೇನೆ.

ಕೊನೆಗೆ ಸ್ಕೂಟರ್. ಮಗನನ್ನು ಮುಂದೆ ನಿಲ್ಲಿಸಿಕೊಂಡು ಹೋಗುವ ಯಜಮಾನರಿಗೆ ಇದನ್ನು ಓದಲು ಕೊಡಿ. 30 ಕಿಲೋಮೀಟರ್ ವೇಗದಲ್ಲಿ ಬಡಿದರೆ ಒಂದು ಮಹಡಿಯ ಎತ್ತರದಿಂದ ಬಿದ್ದಷ್ಟು ಪೆಟ್ಟು. 40ಕ್ಕೆ ಎರಡು ಮಹಡಿ. ಕಿಟಕಿಗೆ ಗ್ರಿಲ್ ಹಾಕಿಸುವ ನಾವೇ ಮಗುವನ್ನು ಎರಡನೇ ಮಹಡಿಯ ಅಂಚಿಗೆ ನಿಲ್ಲಿಸಿಕೊಂಡು ಹಾಲು ತರಲು ಹೋಗುತ್ತೇವೆ. ಬ್ರೇಕ್ ಹಾಕಿದರೆ ಅವನ ಮುಖಕ್ಕೆ ಮೊದಲು ಸಿಗುವುದು ಹ್ಯಾಂಡಲ್, ಬೆನ್ನಿಗೆ ಬೀಳುವುದು ಅಪ್ಪನ ಎಪ್ಪತ್ತು ಕಿಲೋ.

ಕಾನೂನು ಏನು ಹೇಳುತ್ತದೆ ಅಂದರೆ, ನಾಲ್ಕು ವರ್ಷ ದಾಟಿದ ಎಲ್ಲರಿಗೂ ಬೈಕು, ಸ್ಕೂಟರಿನ ಮೇಲೆ ಹೆಲ್ಮೆಟ್ ಕಡ್ಡಾಯ, ಹಿಂದೆ ಕೂತವರಿಗೂ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ 2023ರ ಫೆಬ್ರವರಿ 15ರಿಂದ ಬೇರೆ ನಿಯಮ ಇದೆ: ತಲೆಗೆ ಹೆಲ್ಮೆಟ್, ಮಗುವನ್ನು ಓಡಿಸುವವರ ಮೈಗೆ ಕಟ್ಟುವ ಬೆಲ್ಟು, ವೇಗ 40 ದಾಟಬಾರದು. ನನ್ನ ಅಭಿಪ್ರಾಯ ಕೇಳಿದರೆ, ಇಷ್ಟು ಚಿಕ್ಕವನನ್ನು ಸ್ಕೂಟರಿನ ಮೇಲೆ ಒಯ್ಯದೆ ಇರುವುದೇ ವಾಸಿ. ಆಟೋ ಮಾಡಿ. ಬೇರೆ ದಾರಿ ಇಲ್ಲದಿದ್ದರೆ ಬೆಲ್ಟು, ಹೆಲ್ಮೆಟ್ ಎರಡೂ ಇರಲಿ. ಅತ್ತೆಯವರು ಒಂದೇ ಕಡೆಗೆ ಕಾಲು ಹಾಕಿ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂರುವುದಂತೂ ಬೇಡ. ಕಾಣದ ಸ್ಪೀಡ್ ಬ್ರೇಕರ್ ಒಂದು ಸಾಕು, ಇಬ್ಬರೂ ಹಿಂದಕ್ಕೆ ಬೀಳುತ್ತಾರೆ, ಹಿಂದಲೆಯ ಮೇಲೆ.

ಈ ಊರಿಗೂ ಹೆಲ್ಮೆಟ್ಟಿಗೂ ಹಳೆಯ ಜಗಳ. 2019ರ ಜನವರಿಯಲ್ಲಿ ಪೊಲೀಸರು ಬಿಗಿ ಮಾಡಿದಾಗ ವಿರೋಧಿಸಿ ಜನ ಬೀದಿಗಿಳಿದಿದ್ದರು. ಕೂದಲು ಉದುರುತ್ತದೆ, ಕುತ್ತಿಗೆಗೆ ಪೆಟ್ಟು, ಹಾರ್ನ್ ಕೇಳುವುದಿಲ್ಲ, ಊರೊಳಗೆ ಯಾಕೆ ಅಂತ ಎಲ್ಲಾ ವಾದ ಕೇಳಿದ್ದೇನೆ. ಹೆಲ್ಮೆಟ್ ಹಾಕಿದವರಲ್ಲಿ ತಲೆಯ ಪೆಟ್ಟು 69 ಪ್ರತಿಶತ, ಸಾವು 42 ಪ್ರತಿಶತ ಕಡಿಮೆ ಅಂತ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಕಂಡಿದೆ. ಕುತ್ತಿಗೆಯ ಪೆಟ್ಟು ಅದರಿಂದ ಹೆಚ್ಚಾಗುವುದಿಲ್ಲ. ಕೂದಲು ಬೆವರಿಗೆ ಉದುರಿದರೆ ಒಳಗೆ ಹತ್ತಿಯ ಬಟ್ಟೆ ಕಟ್ಟಿಕೊಳ್ಳಿ. ಐಎಸ್ಐ ಗುರುತು, ಐಎಸ್ 4151 ಅಂತ ಬರೆದಿರುವುದನ್ನು ಅಂಗಡಿಯಿಂದ ತನ್ನಿ, ರಸ್ತೆ ಬದಿಯ ಇನ್ನೂರು ರೂಪಾಯಿಯದು ಪೊಲೀಸರಿಗೆ ತೋರಿಸಲು ಮಾತ್ರ. ಒಳಗಿನ ಗಟ್ಟಿ ಥರ್ಮಾಕೋಲ್ ತಾನು ಜಜ್ಜಿಹೋಗಿ ತಲೆ ಉಳಿಸುತ್ತದೆ. ಅದಕ್ಕೇ ಒಂದು ಸಲ ಅಪಘಾತ ಆದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಹಾಕಬೇಡಿ. ಗಲ್ಲದ ಪಟ್ಟಿ ಹಾಕದ ಹೆಲ್ಮೆಟ್ ತಲೆಗಿಂತ ಮೊದಲು ಹಾರಿ ಹೋಗುತ್ತದೆ. ಪಟ್ಟಿಯ ಕೆಳಗೆ ಒಂದು ಬೆರಳು ಹೋಗುವಷ್ಟು ಬಿಗಿ ಇರಲಿ. ಮೊಣಕೈಗೆ ಸಿಕ್ಕಿಸಿಕೊಂಡು ಬಂದವರ ಮೊಣಕೈ ಚೆನ್ನಾಗಿರುವುದನ್ನು ನಾನು ಐಸಿಯುನಲ್ಲಿ ನೋಡಿದ್ದೇನೆ.

ಗಂಡನ ಮೇಲೆ ದೂರು ಬರೆದಿದ್ದೀರಿ, ಸರಿ. ಹಿಂದೆ ಕೂರುವಾಗ ನೀವು ಹೆಲ್ಮೆಟ್ ಹಾಕುತ್ತೀರೋ ಇಲ್ಲವೋ, ಅದನ್ನು ಬರೆದಿಲ್ಲ. ಅತ್ತೆಯವರ ಸ್ಕ್ಯಾನಿನ ರಿಪೋರ್ಟ್ ಕಳಿಸುವಾಗ ಅದನ್ನೂ ತಿಳಿಸಿ.